ಬಾಕಿ ಪುಸ್ತಕ

ಮೂಡಿಗೆರೆ
ಮಾರ್ಚ್ 22

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ಇನ್‌ಸ್ಟಾಗ್ರಾಮಿನಲ್ಲಿ ಯಾವತ್ತು ಏನು ಹಾಕಬೇಕು ಅಂತ ಬರೆದು ಜೊತೆಗೆ ಕಳಿಸಿದ್ದ ಎಕ್ಸೆಲ್ ಶೀಟನ್ನೂ ನೋಡಿದೆ. ಸೋಮವಾರ ಕಾಫಿ ಟಿಪ್ಸ್, ಬುಧವಾರ ತೋಟದ ಫೋಟೋ, ಶುಕ್ರವಾರ ಒಂದು ಸುಭಾಷಿತ. ಮೂರು ತಿಂಗಳಿಗಾಗುವಷ್ಟು ತುಂಬಿಸಿಟ್ಟಿದ್ದೀಯ. ಆದರೂ "ಅಕ್ಕಾ, ನಾಳೆ ಏನು ಹಾಕಲಿ ಅಂತ ನಿದ್ದೆ ಬರಲ್ಲ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನಗು ಬಂತು. ಬೇಜಾರು ಮಾಡ್ಕೋಬೇಡ.

ನಾನು ನಿನ್ನ ಇನ್‌ಸ್ಟಾಗ್ರಾಮ್ ಪುಟಕ್ಕೆ ಬರುವುದು ಸುಭಾಷಿತಕ್ಕಲ್ಲ ಮಾರಾಯ್ತಿ. ಡಿಸೆಂಬರಿನಲ್ಲಿ ನೀನು ಒಂದು ರೀಲ್ ಹಾಕಿದ್ದೆ, ನೆನಪಿದೆಯಾ? ನಿನ್ನ ಅಪ್ಪ ಒಂದು ಅರೇಬಿಕಾ ಕಾಫಿ ಗಿಡವನ್ನು ಒಂದೇ ಕೈಯಲ್ಲಿ ಎಳೆದರು. ಬುಡದಲ್ಲಿ ಲಟಕ್ಕನೆ ಮುರಿದು ಬಂತು. ಕಾಂಡದೊಳಗೆ ಬೋರರ್ ಹುಳು ಕೊರೆದ ದಾರಿ, ಅದರ ತುಂಬ ಗಟ್ಟಿಯಾದ ಪುಡಿ. ಅಪ್ಪ ಮಾತಾಡಲಿಲ್ಲ, ಗಿಡವನ್ನು ಸುಡುವ ರಾಶಿಗೆ ಎಸೆದು ಮುಂದೆ ಹೋದರು. ಕೆಳಗೆ ನೀನು ಬರೆದಿದ್ದು ಎರಡೇ ಸಾಲು: "ಅರೇಬಿಕಾ ಪೂರಾ ತೆಗೆದು ರೊಬಸ್ಟಾ ಕಾಫಿ ಹಾಕೋಣ ಅಂತಾರೆ ಅಪ್ಪ. ನನಗೆ ಮನಸ್ಸಿಲ್ಲ."

ಆಮೇಲೆ? ಮೂರು ತಿಂಗಳಿಂದ ಕಾಯುತ್ತಿದ್ದೇನೆ. ನೀನು ನೋಡಿದರೆ ಫಿಲ್ಟರ್ ಕಾಫಿ ಮಾಡುವ ಐದು ವಿಧಾನ ಹೇಳಿಕೊಡುತ್ತಿದ್ದೀಯ!

ನಿನಗೆ ವಿಷಯದ ಬರ ಇಲ್ಲ. ಶುರು ಮಾಡಿದ ಕಥೆಯನ್ನು ಅರ್ಧಕ್ಕೆ ಬಿಟ್ಟು ಹೊಸ ವಿಷಯ ಹುಡುಕಲು ಹೊರಟಿದ್ದೀಯ, ಅಷ್ಟೇ.

ಇದೇ ತಪ್ಪು ನಾನೂ ಮಾಡಿದ್ದೆ. ಮೊದಲ ಸಲ ಒಂದು ವಾರಪತ್ರಿಕೆಗೆ ಅಂಕಣ ಬರೆಯಲು ಒಪ್ಪಿಕೊಂಡಾಗ ಹನ್ನೆರಡು ವಿಷಯಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಐದನೇ ವಾರಕ್ಕೆ ಒಂದೂ ಬೇಡ ಅನ್ನಿಸಿತು. ಆಗ ಕಾಫಿ ಹಣ್ಣು ಕುಯ್ಯುವ ಕಾಲ. ಅವತ್ತೇ ಹಣ್ಣಿನ ಸಿಪ್ಪೆ ತೆಗೆಯುವ ನಮ್ಮ ಪಲ್ಪರ್ ಯಂತ್ರ ಕೆಟ್ಟು ನಿಂತಿತ್ತು, ಕುಯ್ದ ಹಣ್ಣು ರಾಶಿ ಬಿದ್ದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಬರೆದು ಕಳಿಸಿದೆ. ಮುಂದಿನ ವಾರ ಆಲೂರಿನಿಂದ ಒಂದು ಪೋಸ್ಟ್ ಕಾರ್ಡ್. ಅದರಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆಯೂ ಇಲ್ಲ. "ಪಲ್ಪರ್ ರಿಪೇರಿ ಆಯ್ತಾ?" ಅಂತ ಮಾತ್ರ ಇತ್ತು. ನಾನು ಆ ಪಟ್ಟಿಯನ್ನು ಒಲೆಗೆ ಹಾಕಿದೆ.

ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯನ್ನು ನಾನೇ ಓದಿ ಹೇಳಬೇಕಿತ್ತು. ಕೊನೆಯಲ್ಲಿ 'ಸಶೇಷ' ಅಂತ ಬಂದರೆ ವಾರವಿಡೀ ಅಕ್ಕಿ ಆರಿಸುತ್ತಾ ಅದನ್ನೇ ಕೇಳುವಳು: "ಆ ಹುಡುಗಿ ವಾಪಸ್ ಬಂದಳೇನೇ?" ನಿನ್ನನ್ನು ಓದುವವರೂ ನನ್ನ ಅಜ್ಜಿಯಂಥವರೇ, ಕೈಯಲ್ಲಿ ಫೋನ್ ಇದೆ ಅಷ್ಟೇ.

ಈಗ ಕೆಲಸದ ಮಾತು. ಒಂದು ನೋಟ್ ಬುಕ್ ತಗೋ. ಬಲಗಡೆ ಪುಟದಲ್ಲಿ ಇವತ್ತು ಏನಾಯಿತು ಅಂತ ನಾಲ್ಕು ಸಾಲು. ಎಡಗಡೆ ಪುಟದಲ್ಲಿ ಇನ್ನೂ ಏನಾಗಿಲ್ಲ ಅನ್ನುವುದು, ಅಂಗಡಿಯವರ ಉದ್ರಿ ಪುಸ್ತಕದಲ್ಲಿ ಬಾಕಿ ಬರೆಯುವ ಹಾಗೆ. ಅಪ್ಪ ರೊಬಸ್ಟಾ ಸಸಿಗೆ ಹೇಳಿಬಿಟ್ಟರಾ? ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಆಳು ಸಿಕ್ಕರಾ? ಹೋದ ವಾರ ಬೇಲಿ ಮುರಿದ ಆನೆ ಮತ್ತೆ ಬಂತಾ? ಭಾನುವಾರ ಕೂತು ಎಡಗಡೆ ಪುಟ ಮಾತ್ರ ಓದು. ಯಾವುದು ನಿನ್ನನ್ನೇ ಕೊರೆಯುತ್ತಿದೆಯೋ ಅಂಥ ಎರಡೋ ಮೂರೋ ಆರಿಸಿ ವಾರದ ಪೋಸ್ಟ್ ಮಾಡು. ಒಂದು ಬಾಕಿ ತೀರಿದರೆ ಅದರ ಬೆನ್ನಿಗೇ ಇನ್ನೊಂದು ಹುಟ್ಟಿರುತ್ತದೆ. ನಿನ್ನ ಎಕ್ಸೆಲ್ ಶೀಟ್ ಎಸೆಯಬೇಡ. ಅದನ್ನು ಈ ಪುಟ ನೋಡಿ ತುಂಬಿಸು.

ಕಾಫಿ ಮೊಗ್ಗು ಅರಳಿಸುವ ಹೂ ಮಳೆಯನ್ನೇ ತಗೋ. ಈಗ ನಿಮ್ಮ ತೋಟದಲ್ಲಿ ಮೊಗ್ಗು ಬಿರುಸಾಗಿ ನಿಂತಿರಬೇಕು. ಸಂಜೆ ಮೋಡ ಕಟ್ಟುತ್ತದೆ, ಅಪ್ಪ ಜಗಲಿಗೂ ಅಂಗಳಕ್ಕೂ ಓಡಾಡುತ್ತಾರೆ. ಅದೊಂದು ಪೋಸ್ಟ್. ಮಳೆ ಬಂತು ಅನ್ನು; ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಒಂದೇ ಮಾತು, "ನಿಮ್ಮಲ್ಲಿ ಎಷ್ಟು ಸೆಂಟ್ಸ್?" ನೂರು ಸೆಂಟ್ಸ್, ಅಂದರೆ ಒಂದಿಂಚು ಬಿದ್ದರೆ ಸಮಾಧಾನ. ಅರ್ಧಂಬರ್ಧ ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ಜೆಟ್ ಹಾಕಿ ನೀರು ಚಿಮ್ಮಿಸೋಣ ಅಂದರೆ ಕೆರೆಯಲ್ಲಿ ನೀರಿದೆಯಾ? ಮಳೆ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ, ಜೇನಿನ ಗುಂಯ್ ಸದ್ದು. ಮೂರು ನಾಲ್ಕು ದಿನಕ್ಕೆ ಹೂ ಕಂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯುವುದು. ಒಂದೇ ಮಳೆಯ ಮೇಲೆ ಎರಡು ತಿಂಗಳು ಬರೆಯಬಹುದು, ಅದೂ ಒಂದೂ ಸುಳ್ಳು ಹೇಳದೆ.

ಮಧ್ಯದಲ್ಲಿ ಬಂದವರಿಗೆ 'ಇಲ್ಲಿಯವರೆಗೆ' ಅಂತ ಒಂದು ಸಾಲು ಹಾಕು. ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ, ಬೇಕಾದದ್ದನ್ನು ಹೈಲೈಟ್‌ನಲ್ಲಿ ಇಟ್ಟುಕೋ. ಕ್ಯಾಪ್ಷನ್‌ಗೆ 2,200 ಅಕ್ಷರ ಇದೆ ಅಂತ ಪೂರ್ತಿ ತುಂಬಿಸಬೇಡ.

ಇನ್ನೊಂದು ವಿಷಯ ಇದೆ, ಇದನ್ನು ಬರೆಯಲು ಈಗಲೂ ಕಷ್ಟ. ಆ ಪೋಸ್ಟ್ ಕಾರ್ಡಿನ ಅಮಲಿನಲ್ಲಿ ನಾನು ನಮ್ಮ ಮನೆಯ ಪಾಲು ಪಂಚಾಯ್ತಿಯನ್ನೂ ಕಂತಿನಲ್ಲಿ ಬರೆದೆ. ಚಿಕ್ಕಪ್ಪನ ಸಾಲದ ವಿಷಯ ಬಂತು. ಹೆಸರು ಹಾಕಿರಲಿಲ್ಲ, ಆದರೆ ಊರಲ್ಲಿ ಯಾರಿಗೆ ಗೊತ್ತಾಗುವುದಿಲ್ಲ ಹೇಳು? ಅವರ ಮಗಳನ್ನು ನೋಡಲು ಬರಬೇಕಿದ್ದವರು ಬರಲಿಲ್ಲ. ಚಿಕ್ಕಪ್ಪ ಜಗಳ ಆಡಲಿಲ್ಲ. ಆರು ವರ್ಷ ನಮ್ಮ ಮನೆ ಹೊಸಿಲು ತುಳಿಯಲಿಲ್ಲ. ಆ ಸಾಲ ನನ್ನ ಕಥೆಯೇ ಆಗಿರಲಿಲ್ಲ. ಹಾಗಾಗಿ ಅಪ್ಪನ ವಿಷಯ ಬರೆಯುವ ಮೊದಲು ಅಪ್ಪನಿಗೆ ಓದಿ ತೋರಿಸು. ಬೇಡ ಅಂದರೆ ಬೇಡ. ನಿನಗೇ ಇನ್ನೂ ಉರಿಯುತ್ತಿರುವ ಗಾಯವನ್ನೂ ಬಾಕಿ ಪುಸ್ತಕದಲ್ಲೇ ಬಿಡು, ಪೋಸ್ಟಿಗೆ ಅವಸರ ಇಲ್ಲ.

ದಿನಾ ಹಾಕದಿದ್ದರೆ ಜನ ಮರೆಯುತ್ತಾರೆ ಅನ್ನುವ ಭಯ ನಿನಗೆ. ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆರೆಯುವವಳು. ಯಾರು ಮರೆತಿದ್ದಾರೆ? ದೇವರಿಗೂ ನಮಗೂ ಹೋಲಿಕೆ ಸಲ್ಲದು, ಸುಮ್ನೆ ಹೇಳಿದೆ. ಆದರೆ ಸುಳ್ಳು ಕುತೂಹಲ ಮಾತ್ರ ಹುಟ್ಟಿಸಬೇಡ. "ನಾಳೆ ಏನಾಗುತ್ತೆ ಗೊತ್ತಾ?" ಅಂತ ಕಾಯಿಸಿ, ಮರುದಿನ ಬೆಕ್ಕು ಮರಿ ಹಾಕಿತು ಅಂದರೆ ಅಜ್ಜಿಯಂಥವರು ಮತ್ತೆ ಬರುವುದಿಲ್ಲ.

ಎಡಗಡೆ ಪುಟದ ಮೊದಲ ಸಾಲು ನಾನೇ ಹೇಳಿದ್ದೇನೆ. ಅರೇಬಿಕಾ ಉಳೀತಾ? ಕಾಗದದಲ್ಲಿ ಬೇಡ, ಅಲ್ಲೇ ಬರೆ, ಓದುತ್ತೇನೆ.

ಇಲ್ಲಿ ನಿನ್ನೆ ರಾತ್ರಿ 60 ಸೆಂಟ್ಸ್ ಬಿತ್ತು. ಸಾಲದು. ಸಕಲೇಶಪುರದ ಕಡೆ ಗುಡುಗಿದ್ದು ಕೇಳಿಸಿತು. ನಿಮ್ಮಲ್ಲಿ ಎಷ್ಟು?

ನಿನ್ನ
ಅಕ್ಕ