ಟಿಬಿ ಪರೀಕ್ಷೆ ‘ಶೇ 95ರಷ್ಟು ನಿಖರ’: ಯಾರಲ್ಲಿ, ಯಾವ ಲೆಕ್ಕದಲ್ಲಿ?

ಮಾನ್ಯ ಸಂಪಾದಕರೇ,

ಕೆಮ್ಮಿನ ಸದ್ದಿನಿಂದ ಟಿಬಿ ಗುರುತಿಸುವ ಆ್ಯಪ್, ಎಕ್ಸ್‌ರೇ ಓದುವ ಸಾಫ್ಟ್‌ವೇರ್, ಬೆರಳ ತುದಿಯ ರಕ್ತದ ಪರೀಕ್ಷೆ: ಇಂಥವುಗಳ ಸುದ್ದಿಯಲ್ಲಿ ‘ಶೇ 95ರಷ್ಟು ನಿಖರ’ ಎಂಬಂಥ ಒಂದೇ ಅಂಕಿ ಇರುತ್ತದೆ. ಅದರಿಂದ ತಿಳಿಯುವುದು ಬಹಳ ಕಡಿಮೆ. ನೂರರಲ್ಲಿ ಇಬ್ಬರಿಗಷ್ಟೇ ಟಿಬಿ ಇರುವ ಕಡೆ, ಯಾರನ್ನೂ ಪರೀಕ್ಷಿಸದೆ ಎಲ್ಲರಿಗೂ ‘ಇಲ್ಲ’ ಎಂದು ಬರೆದುಕೊಟ್ಟರೂ ನಿಖರತೆ ಶೇ 98 ಬರುತ್ತದೆ!

ಇವು ಟ್ರಯಾಜ್ ಪರೀಕ್ಷೆಗಳು. ರೋಗ ಖಚಿತಪಡಿಸುವುದು ಇವುಗಳ ಕೆಲಸವಲ್ಲ. ಕಫದಲ್ಲಿ ಕ್ರಿಮಿಯ ಡಿಎನ್‌ಎ ಹುಡುಕುವ ದುಬಾರಿ ಮಾಲಿಕ್ಯುಲರ್ ಪರೀಕ್ಷೆಗೆ ಯಾರನ್ನು ಕಳಿಸಬೇಕು, ಯಾರನ್ನು ಬಿಡಬಹುದು ಎಂದು ಜರಡಿ ಹಿಡಿಯುವುದಷ್ಟೇ. ಇವುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಎರಡು ಕನಿಷ್ಠ ಗುರಿ ಇಟ್ಟಿತು: ಟಿಬಿ ಇರುವವರಲ್ಲಿ ಶೇ 90 ಮಂದಿಯನ್ನು ಹಿಡಿಯಬೇಕು (ಸೆನ್ಸಿಟಿವಿಟಿ), ಇಲ್ಲದವರಲ್ಲಿ ಶೇ 70 ಮಂದಿಯನ್ನು ಸರಿಯಾಗಿ ಬಿಡಬೇಕು (ಸ್ಪೆಸಿಫಿಸಿಟಿ). ಪರೀಕ್ಷೆಗೆ ಬಂದ 1,000 ಮಂದಿಯಲ್ಲಿ 100 ಜನರಿಗೆ ಟಿಬಿ ಇದೆ ಎನ್ನೋಣ. 90 ಮಂದಿ ಸಿಗುತ್ತಾರೆ, 10 ಮಂದಿ ತಪ್ಪಿಹೋಗುತ್ತಾರೆ, ರೋಗವಿಲ್ಲದ 270 ಮಂದಿಯೂ ಮುಂದಿನ ಪರೀಕ್ಷೆಗೆ ಹೋಗುತ್ತಾರೆ. ಹಾಗೆ ಹೋದ 360 ಜನರಲ್ಲಿ ಕಾಲುಭಾಗಕ್ಕೆ ರೋಗವಿದೆ. ಟಿಬಿ ಇರುವವರು 20 ಮಂದಿಯಷ್ಟೇ ಆದರೆ 312 ಜನ ಹೋಗಿ 18 ಮಂದಿಯಲ್ಲಿ ಮಾತ್ರ ರೋಗ ಸಿಗುತ್ತದೆ. ಪರೀಕ್ಷೆ ಅದೇ, ಬಂದ ಜನ ಬೇರೆ.

ಲೆಕ್ಕ ಹೆಚ್ಚಾಗಿ ಹಳಿ ತಪ್ಪುವುದು ನೆಗೆಟಿವ್ ಬಂದವರ ವಿಷಯದಲ್ಲಿ. ಪರೀಕ್ಷೆಯ ಉತ್ತರ ಸರಿಯೇ ಎಂದು ತಾಳೆ ನೋಡಲು ಕಫದ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಹಣ, ಸಮಯ ಎರಡೂ ಬೇಕು. ಹಾಗಾಗಿ ಪಾಸಿಟಿವ್ ಬಂದವರ ಕಫವನ್ನಷ್ಟೇ ಲ್ಯಾಬ್‌ಗೆ ಕಳಿಸುವ ಆಸೆ ಸಹಜ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ತಪ್ಪಿಹೋದ 10 ಮಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸೆನ್ಸಿಟಿವಿಟಿ ಶೇ 100 ಎಂದಾಗಿಬಿಡುತ್ತದೆ. ನೆಗೆಟಿವ್ ಬಂದ 640 ಜನರಲ್ಲಿ 64 ಮಂದಿಯನ್ನು ಲಾಟರಿ ಎತ್ತಿದಂತೆ ಆರಿಸಿ ಕಲ್ಚರ್ ಮಾಡಿಸುವುದು ತಪ್ಪಲ್ಲ. ಆದರೆ ಅಲ್ಲಿ ಒಬ್ಬರಿಗೆ ಟಿಬಿ ಕಂಡರೆ ಅದನ್ನು ಹತ್ತು ಎಂದು ಲೆಕ್ಕ ಹಾಕಬೇಕು. ಒಂದೆಂದೇ ಹಿಡಿದರೆ ಶೇ 90ರ ಪರೀಕ್ಷೆ ಶೇ 99ರದ್ದಾಗಿ ಕಾಣುತ್ತದೆ.

ತಾಳೆ ನೋಡುವ ಅಳತೆಗೋಲೂ ಗಟ್ಟಿಯಿರಬೇಕು. ಒಂದೇ ಕಫದ ಮಾದರಿ ಸಾಲದು, ಕನಿಷ್ಠ ಎರಡು ಬೇಕು. ದ್ರವ ಕಲ್ಚರ್‌ನಲ್ಲಿ ‘ಬೆಳೆದಿಲ್ಲ’ ಎನ್ನಲು 42 ದಿನ ಕಾಯಬೇಕು. ಬೇರೆ ಬ್ಯಾಕ್ಟೀರಿಯಾ ಬೆಳೆದು ಕೆಟ್ಟ ಮಾದರಿಯನ್ನು ನೆಗೆಟಿವ್ ಎಂದು ಬರೆದುಕೊಳ್ಳುವಂತಿಲ್ಲ. ಇನ್ನು ವೈದ್ಯರು ಎಕ್ಸ್‌ರೇ ನೋಡಿ ‘ಟಿಬಿ’ ಎಂದದ್ದನ್ನೇ ಸತ್ಯವೆಂದು ಹಿಡಿದು ಎಕ್ಸ್‌ರೇ ಸಾಫ್ಟ್‌ವೇರನ್ನು ಅಳೆದರೆ, ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಕೊಟ್ಟುಕೊಂಡಂತೆ.

ಯಾರನ್ನು ಸೇರಿಸಿಕೊಂಡರು ಎಂಬುದು ಮತ್ತೊಂದು. ಒಂದೆಡೆ ಆಸ್ಪತ್ರೆ ಸೇರಿದ, ಕಫದ ತುಂಬ ಕ್ರಿಮಿಗಳಿರುವ ರೋಗಿಗಳು, ಇನ್ನೊಂದೆಡೆ ಆರೋಗ್ಯವಂತ ಸ್ವಯಂಸೇವಕರು; ಇವರನ್ನು ಬೇರ್ಪಡಿಸಲು ದೊಡ್ಡ ಪರೀಕ್ಷೆಯೇನೂ ಬೇಡ. ಕಷ್ಟವಿರುವುದು ನ್ಯುಮೋನಿಯಾ, ಅಸ್ತಮಾದಿಂದ ಕೆಮ್ಮುವವರ ನಡುವೆ ಟಿಬಿ ಕೆಮ್ಮನ್ನು ಗುರುತಿಸುವುದರಲ್ಲಿ. ಹಿಂದೆ ಟಿಬಿ ಬಂದು ವಾಸಿಯಾದವರ ಶ್ವಾಸಕೋಶದ ಕಲೆಗಳು ಸಾಫ್ಟ್‌ವೇರನ್ನು ದಾರಿ ತಪ್ಪಿಸುತ್ತವೆ. ಅವರನ್ನು ಹೊರಗಿಟ್ಟರೆ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಕ್ಲಿನಿಕ್‌ಗೆ ಅವರೂ ಬರುತ್ತಾರಲ್ಲ! ಅವರ ಫಲಿತಾಂಶವನ್ನು, ಎಚ್‌ಐವಿ ಇರುವವರದನ್ನು, ಕಫದ ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಹುಡುಕುವ ಪರೀಕ್ಷೆ) ನೆಗೆಟಿವ್ ಇದ್ದೂ ಟಿಬಿ ಇರುವವರದನ್ನು ಬೇರೆಬೇರೆಯಾಗಿ ಕೊಡಬೇಕು.

ಸಾಫ್ಟ್‌ವೇರ್ ಕೊಡುವುದು ಒಂದು ಸ್ಕೋರ್. ಎಷ್ಟಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್ ಎಂಬ ಗಡಿಯನ್ನು ಫಲಿತಾಂಶ ನೋಡಿದ ಮೇಲೆ ಆರಿಸಿಕೊಂಡರೆ ಅಂಕಿ ಉಬ್ಬುವುದು ಖಂಡಿತ. ಗಡಿಯನ್ನು ಮೊದಲೇ ಬರೆದಿಡಬೇಕು, ಇಲ್ಲವೇ ಬೇರೊಂದು ಗುಂಪಿನಲ್ಲಿ ಮತ್ತೆ ಪರೀಕ್ಷಿಸಬೇಕು. ವರ್ಷನ್ ಬದಲಾದರೆ ಹಳೆಯ ಗಡಿ ಹೊಂದುತ್ತದೆ ಎಂಬ ಖಾತರಿಯಿಲ್ಲ.

ವರದಿಗಳಲ್ಲಿ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡನ್ನೂ ಕೊಡಿ, ಅಧ್ಯಯನದಲ್ಲಿದ್ದ ಟಿಬಿ ರೋಗಿಗಳ ಸಂಖ್ಯೆಯನ್ನೂ ಹಾಕಿ. 30 ರೋಗಿಗಳಲ್ಲಿ 27 ಮಂದಿಯನ್ನು ಹಿಡಿದದ್ದೂ ಶೇ 90, 300ರಲ್ಲಿ 270 ಮಂದಿಯನ್ನು ಹಿಡಿದದ್ದೂ ಶೇ 90. ಶೇ 95ರ ವಿಶ್ವಾಸದ ಮಟ್ಟದಲ್ಲಿ ಮೊದಲನೆಯದರ ನಿಜವಾದ ಸೆನ್ಸಿಟಿವಿಟಿ ಸುಮಾರು ಶೇ 74ರಿಂದ 97ರ ನಡುವೆ ಎಲ್ಲಾದರೂ ಇರಬಹುದು. ಎರಡನೆಯದು 86ರಿಂದ 93ರೊಳಗೆ.

– ರೋಗಪತ್ತೆ ಪರೀಕ್ಷೆಗಳ ಮೌಲ್ಯಮಾಪನದಲ್ಲಿ ತೊಡಗಿರುವ ಓದುಗರು