ನ್ಯಾಯಾಸನದ ಮೇಲೆ ಕುಳಿತವನು

ಪ್ರಿಯ ಮಗನೇ,

ಕರ್ತನ ಕೃಪೆಯೂ ಸಮಾಧಾನವೂ ನಿನ್ನೊಂದಿಗಿರಲಿ. ನಿನ್ನ ಪತ್ರ ಕೈಸೇರಿತು. ನೀನು ಕೇಳಿಕೊಂಡಂತೆ ದೊಡ್ಡಮ್ಮನಿಗೆ ತೋರಿಸಿಲ್ಲ. ಅರಿಕೆಮಾಡದೆ ಉಳಿದ ಪಾಪ ಒಂದೇ ಇದ್ದು ಸಾವು ಬಂದರೂ ರಕ್ಷಣೆ ತಪ್ಪಿಹೋಗುವುದೆಂದು ಯಾವುದೋ ಕೂಟದಲ್ಲಿ ಕೇಳಿದೆಯೆಂದೂ, ಅಂದಿನಿಂದ ನಿದ್ರೆಯಿಲ್ಲವೆಂದೂ, ಎರಡು ಸಲ ಆರಾಧನೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚುವ ಕರ್ತನ ಭೋಜನಕ್ಕೆ ಏಳದೆ ಬೆಂಚಿನಲ್ಲೇ ಕುಳಿತೆಯೆಂದೂ ಬರೆದಿದ್ದೀಯೆ.

ನ್ಯಾಯತೀರ್ಪು ಇಲ್ಲವೆಂದು ಹೇಳಿ ನಿನ್ನನ್ನು ಸಂತೈಸಲಾರೆ. ಕ್ರಿಸ್ತನ ನ್ಯಾಯಾಸನದ ಮುಂದೆ ನಾವೆಲ್ಲರೂ ನಿಲ್ಲಬೇಕೆಂದು ಪೌಲನು ಬರೆದದ್ದು ಅನ್ಯರಿಗಲ್ಲ, ಕೊರಿಂಥದ ಸಭೆಗೆ. ಆ ಊರಿನ ಪೇಟೆಯ ನಡುವೆ ನ್ಯಾಯಾಸನದ ಕಲ್ಲುಕಟ್ಟೆ ಇತ್ತು. ಅದರ ಅವಶೇಷ ಇಂದಿಗೂ ಇದೆ. ಅಧಿಪತಿಯಾದ ಗಲ್ಲಿಯೋನನ ನ್ಯಾಯಾಸನದ ಮುಂದೆ ಎಳೆದು ತರಲ್ಪಟ್ಟವನೂ ಪೌಲನೇ ಆಗಿದ್ದನು. ಆದುದರಿಂದ ಆ ಮಾತನ್ನು ಬರೆದವನಿಗೂ ಓದಿದವರಿಗೂ ಅದು ಬರಿಯ ಅಲಂಕಾರವಾಗಿರಲಿಲ್ಲ.

ಆದರೆ ಅಲ್ಲಿ ಕುಳಿತವನು ಯಾರೆಂಬುದನ್ನು ನೀನು ಕೇಳಲೇ ಇಲ್ಲ. ಜರ್ಮನಿಯಲ್ಲಿ ಸಭೆಯವರಿಗೆ ವಿಶ್ವಾಸವನ್ನು ಕಲಿಸಲು ಬರೆದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ 52ನೆಯ ಪ್ರಶ್ನೆ, ಕ್ರಿಸ್ತನು ನ್ಯಾಯತೀರಿಸಲು ಬರುವನೆಂಬುದು ನಿನಗೆ ಯಾವ ಆದರಣೆಯನ್ನು ಕೊಡುತ್ತದೆ ಎಂದು ವಿಚಾರಿಸುತ್ತದೆ. ಭಯವೆಷ್ಟು ಎಂದಲ್ಲ, ಆದರಣೆ ಯಾವುದು ಎಂದು! ನನಗಾಗಿ ಮೊದಲೇ ದೇವರ ತೀರ್ಪಿಗೆ ತನ್ನನ್ನು ಒಪ್ಪಿಸಿಕೊಟ್ಟವನನ್ನೇ ನಾನು ತಲೆಯೆತ್ತಿ ಎದುರುನೋಡುತ್ತೇನೆ ಎಂಬುದು ಅದರ ಉತ್ತರದ ಸಾರ. ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿಯೂ ನಂಬುವವನು ಮರಣದಿಂದ ಜೀವಕ್ಕೆ ದಾಟಿದ್ದಾನೆ ಎಂದಿದೆ, ದಾಟಬಹುದು ಎಂದಿಲ್ಲ. ಮೇಷ್ಟರ ಬುದ್ಧಿ, ಕ್ರಿಯಾಪದದ ಕಾಲವನ್ನು ನೋಡದೆ ಬಿಡಲಾರೆ.

ಹಾಗಾದರೆ ವಿಶ್ವಾಸಿಗೆ ಏನು ವಿಚಾರಣೆ ಎಂದು ಕೇಳುತ್ತೀಯೆ. ಪೌಲನು ಕೊರಿಂಥದವರಿಗೆ ಬರೆದಂತೆ, ಕ್ರಿಸ್ತನೆಂಬ ಅಸ್ತಿವಾರದ ಮೇಲೆ ಒಬ್ಬನು ಚಿನ್ನದಿಂದ ಕಟ್ಟಿರಬಹುದು, ಇನ್ನೊಬ್ಬನು ಹುಲ್ಲಿನಿಂದ. ಬೆಂಕಿ ಕಟ್ಟಡವನ್ನು ಶೋಧಿಸುತ್ತದೆ, ಕೆಲಸ ಸುಟ್ಟುಹೋದವನು ನಷ್ಟಪಟ್ಟರೂ ತಾನು ರಕ್ಷಣೆ ಹೊಂದುವನು. ನಷ್ಟವೆಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡ. ನನ್ನ ಎಪ್ಪತ್ತು ವರ್ಷಗಳಲ್ಲಿ ಹುಲ್ಲು ಎಷ್ಟಿದೆಯೆಂದು ನನಗೆ ಗೊತ್ತು.

ಈ ವಿಷಯದಲ್ಲಿ ದೈವಭಕ್ತರೆಲ್ಲರೂ ಒಮ್ಮತದವರಲ್ಲ. ದೇವರು ಕರೆದವರನ್ನು ಕೊನೆಯವರೆಗೂ ಕಾಪಾಡುವನೆಂದು ನೆದರ್ಲೆಂಡ್ಸಿನಲ್ಲಿ ಕೂಡಿದ 1618-19ರ ಡಾರ್ಟ್ ಸಭೆ ನಿರ್ಣಯಿಸಿತು; ವಿಶ್ವಾಸಿಯೂ ಬಿದ್ದುಹೋಗಬಲ್ಲನೆಂದು ಮೆಥೊಡಿಸ್ಟ್ ಪಂಗಡದ ಮೂಲಪುರುಷರಾದ ವೆಸ್ಲಿ ಎಚ್ಚರಿಸಿದರು. 1947ರಲ್ಲಿ ಹಲವು ಸಭೆಗಳು ಸೇರಿ ದಕ್ಷಿಣ ಇಂಡಿಯಾ ಸಭೆ ಒಂದಾದಾಗ ಇಬ್ಬರ ಮಕ್ಕಳೂ ಒಂದೇ ಬೆಂಚಿಗೆ ಬಂದರು. ನಾನು ಮೊದಲನೆಯ ಪಕ್ಷದವನು. ಆದರೂ, ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆಂದು ಎಚ್ಚರಿಸುವ, ಇಬ್ರಿಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ಓದುವಾಗ ಇಂದಿಗೂ ನಡುಗುತ್ತೇನೆ. ನಿನ್ನನ್ನು ಹೆದರಿಸಿದವರು ಆ ಎಚ್ಚರಿಕೆಯಲ್ಲೇ ನಿಂತುಬಿಟ್ಟಿರಬೇಕು; ಮುಂದಕ್ಕೆ ಓದಿದರೆ, ನಿಮ್ಮ ವಿಷಯದಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ಭರವಸೆಯುಂಟು ಎಂದು ಬರೆದವನೇ ಹೇಳುತ್ತಾನೆ, ಅದೇ ಅಧ್ಯಾಯವು ನಿರೀಕ್ಷೆಯೇ ಪ್ರಾಣಕ್ಕೆ ಲಂಗರು ಎಂಬ ಮಾತಿನಿಂದ ಮುಗಿಯುತ್ತದೆ. ಪೇತ್ರನನ್ನು ನೆನೆದುಕೋ. ಅವನು ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆಯುವ ಮೊದಲೇ, ನಿನ್ನ ನಂಬಿಕೆ ಕುಂದದಂತೆ ಬೇಡಿಕೊಂಡಿದ್ದೇನೆ ಎಂದು ಯೇಸು ಹೇಳಿಯಾಗಿತ್ತು. ಬೀಳುವುದಕ್ಕೆ ಮುಂಚೆ ಮಾಡಿದ ಪ್ರಾರ್ಥನೆ ಅದು.

ಇನ್ನು ನೀನು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ವಿಷಯ. ಕಚೇರಿಯ ಪ್ರಯಾಣದ ಲೆಕ್ಕದಲ್ಲಿ ಹೆಚ್ಚಾಗಿ ತೋರಿಸಿ ಪಡೆದ ಹಣವನ್ನು ಹಿಂದಿರುಗಿಸು. ರಕ್ಷಣೆಯನ್ನು ಕೊಂಡುಕೊಳ್ಳುವುದಕ್ಕಲ್ಲ, ಆ ಹಣ ನಿನ್ನದಲ್ಲವಾದ್ದರಿಂದ. ಹಿಂದಿರುಗಿಸುವುದು ತಡವಾದರೂ ಬರುವ ಭಾನುವಾರ ಭೋಜನಕ್ಕೆ ಏಳು. ಬೇಕಾದರೆ ಶನಿವಾರ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎಚ್ಚರವಿರುತ್ತೇನೆ.

ನಿನ್ನ ದೊಡ್ಡಪ್ಪ