ಕೊನೆ ದಿನದ ಪುಟ ಮಾಡುವವರು ಒಮ್ಮೆ ನಮ್ಮ ಶಾಲೆಗೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ನಮ್ಮಲ್ಲಿ ಗುಮಾಸ್ತರ ಹುದ್ದೆ ಖಾಲಿ ಇದೆ. ಹಾಗಾಗಿ ಆನ್‌ಲೈನ್ ಕೆಲಸವೆಲ್ಲ ನನ್ನ ತಲೆಗೇ. ಸ್ಯಾಟ್ಸ್ ಅನ್ನುವ ರಾಜ್ಯದ ಜಾಲತಾಣದಲ್ಲಿ ಮಕ್ಕಳ ವಿವರ, ಶಾಲೆಯ ಅಂಕಿಅಂಶ ಕೇಂದ್ರಕ್ಕೆ ಕೊಡುವ ಯು-ಡೈಸ್ ಪ್ಲಸ್, ವಿದ್ಯಾರ್ಥಿವೇತನದ ಪರಿಶೀಲನೆ, ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್ (ಪರೀಕ್ಷೆ ಬರೆಯುವವರ ಪಟ್ಟಿ), ಇನ್‌ಸ್ಪೈರ್ ಅವಾರ್ಡ್‌ಗೆ ಮಕ್ಕಳ ವಿಜ್ಞಾನದ ಐಡಿಯಾ. ಒಂದೊಂದಕ್ಕೂ ಒಂದು ಲಾಗಿನ್, ಒಂದೊಂದಕ್ಕೂ ಒಂದು ಕೊನೆ ದಿನ. ಕೆಲಸ ಜಾಸ್ತಿ ಅಂತ ದೂರಲು ಇದನ್ನು ಬರೆಯುತ್ತಿಲ್ಲ. ಆ ಕೊನೆ ದಿನಗಳನ್ನು ನಮಗೆ ತೋರಿಸುವ ಪುಟಗಳ ಬಗ್ಗೆ ಹೇಳುವುದಿದೆ.

ಕಳೆದ ವರ್ಷ ಒಂದು ಎಡವಟ್ಟಾಯಿತು. ಯಾವ ಜಾಲತಾಣ, ಯಾವ ಯೋಜನೆ ಅಂತ ಹೇಳುವುದಿಲ್ಲ. ಜಗಳ ನನಗೆ ಬೇಕಿಲ್ಲ. ನಮ್ಮ ಒಬ್ಬ ವಿದ್ಯಾರ್ಥಿನಿಯ ಅರ್ಜಿ ತಿದ್ದುಪಡಿಗೆಂದು ವಾಪಸ್ ಬಂದಿತ್ತು. ಪುಟ ತೆಗೆದು ನೋಡಿದೆ. ದಪ್ಪಕ್ಷರದಲ್ಲಿ ಒಂದು ದಿನಾಂಕ ಇತ್ತು. ಇನ್ನೂ ಹನ್ನೆರಡು ದಿನ ಇದೆಯಲ್ಲ ಎಂದುಕೊಂಡು ಪಠ್ಯದ ಕಡೆ ತಿರುಗಿದೆ. ಆಮೇಲೆ ತಿಳಿಯಿತು, ಅದು ಜಿಲ್ಲಾ ಕಚೇರಿಯವರು ಪರಿಶೀಲನೆ ಮುಗಿಸಬೇಕಾದ ದಿನ. ಶಾಲೆಯವರು ತಿದ್ದಿ ಕಳಿಸಬೇಕಾದ ದಿನ ಪಿಡಿಎಫ್‌ನ ಮೂರನೇ ಹಾಳೆಯಲ್ಲಿತ್ತು. ಅದೂ ಸ್ಕ್ಯಾನ್ ಮಾಡಿದ ಪಿಡಿಎಫ್, ಹುಡುಕಿದರೆ ಒಂದು ಅಕ್ಷರವೂ ಸಿಗದು. ಹುಡುಗಿಗೆ ಆ ವರ್ಷದ ದುಡ್ಡು ಬರಲಿಲ್ಲ. ‘ಮೇಡಂ ಮರೆತುಬಿಟ್ರು’ ಎಂದು ಅವಳ ಅಪ್ಪ ಅಂದರು. ನಾನು ಮರೆತಿರಲಿಲ್ಲ. ಬೇರೆಯವರ ದಿನಾಂಕವನ್ನು ನನ್ನದು ಎಂದು ಓದಿದ್ದೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿವೇತನದ ಲೆಕ್ಕ ನೋಡಿ (ನನ್ನ ಎಡವಟ್ಟು ಅದರದ್ದಲ್ಲ). ಎಂಟನೇ ತರಗತಿಯಲ್ಲಿ ಆ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮಗು ಅರ್ಜಿ ಹಾಕಬೇಕು, ಶಾಲೆ ಪರಿಶೀಲಿಸಬೇಕು, ಆಮೇಲೆ ಜಿಲ್ಲೆಯವರು ಪರಿಶೀಲಿಸಬೇಕು. ಒಂದೇ ಅರ್ಜಿಗೆ ಮೂರು ಜನ, ಮೂರು ದಿನಾಂಕ. ಇನ್ನು ಯು-ಡೈಸ್‌ನ ಸೆಪ್ಟೆಂಬರ್ 30. ಅದು ಆಧಾರ ದಿನ, ಅಂದರೆ ಅವತ್ತಿಗೆ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರು ಅನ್ನುವ ಲೆಕ್ಕ. ತುಂಬಿ ಮುಗಿಸುವ ಕೊನೆ ದಿನ ಬೇರೆ. ಹೊಸದಾಗಿ ಪ್ರಭಾರ ವಹಿಸಿಕೊಂಡವರು ಎರಡೂ ಒಂದೇ ಅಂದುಕೊಂಡು ಒದ್ದಾಡುವುದನ್ನು ನೋಡಿದ್ದೇನೆ.

ನನ್ನ ಮಗಳು ಬೆಂಗಳೂರಿನಲ್ಲಿ ಆ್ಯಪ್ ವಿನ್ಯಾಸದ ಕೆಲಸ ಮಾಡುತ್ತಾಳೆ. ದಸರಾ ರಜೆಗೆ ಬಂದಾಗ ಅವಳ ಹತ್ತಿರ ಗೋಳು ತೋಡಿಕೊಂಡೆ. ‘ಹೇಳ್ಬೇಡಮ್ಮಾ, ಮಾಡಿ ತೋರಿಸು’ ಅಂದಳು. ಪಕ್ಕದಲ್ಲಿ ಕೂತು ಒಂದು ಗಂಟೆ ಸುಮ್ನೆ ನೋಡಿದಳು. ನಾನೇ ಗಮನಿಸದ ಒಂದು ಸಂಗತಿ ಅವಳಿಗೆ ಕಂಡಿತು. ಕೊನೆ ದಿನ ಬೇಕಾದಾಗ ನಾನು ಜಾಲತಾಣಕ್ಕೆ ಹೋಗುವುದೇ ಇಲ್ಲವಂತೆ! ಮೊದಲು ನಮ್ಮ ಕ್ಲಸ್ಟರ್, ಅಂದರೆ ಸುತ್ತಲಿನ ಶಾಲೆಗಳ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಕುತ್ತೇನೆ. ಸಿಗದಿದ್ದರೆ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಫೋನ್. ಅವರೂ ಎತ್ತದಿದ್ದರೆ ಮಾತ್ರ ಜಾಲತಾಣ. ಕೊನೆಗೆ ಸಿಕ್ಕ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ. ‘ಆ ಕ್ಯಾಲೆಂಡರ್ ಫೋಟೊ ಕಳಿಸು. ನಿಮಗೆ ಬೇಕಾದ ಪುಟ ಅದೇ’ ಅಂದಳು. ಫೋಟೊದಲ್ಲಿ ಪ್ರತಿ ಗುರುತಿನ ಪಕ್ಕ ಎರಡೇ ಮಾತು ಇದ್ದವು: ‘ನಾನು’ ಅಥವಾ ‘ಮಕ್ಕಳು’. ಕೆಲವು ಕಡೆ ‘ದಂಡ ಇದೆ’.

ಹೀಗೆ ಬಳಸುವವರ ಪಕ್ಕ ಕೂತು ನೋಡುವುದಕ್ಕೆ ಅವರ ಕಡೆ ಯೂಸರ್ ರಿಸರ್ಚ್ ಅನ್ನುತ್ತಾರಂತೆ. ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ. ಡೆನ್ಮಾರ್ಕ್ ಮೂಲದ ಜಾಕೋಬ್ ನೀಲ್ಸನ್ ಅನ್ನುವ ತಜ್ಞರು 2000ದಲ್ಲೇ ಬರೆದಿದ್ದಾರೆ, ಐದು ಜನರ ಕೈಯಲ್ಲಿ ಮಾಡಿಸಿ ನೋಡಿದರೆ ಸುಮಾರು ಶೇ 85ರಷ್ಟು ತೊಂದರೆಗಳು ಗೊತ್ತಾಗುತ್ತವೆ ಎಂದು. ಐದು ಜನ ಮುಖ್ಯ ಶಿಕ್ಷಕರು ಯಾವ ತಾಲ್ಲೂಕಿನಲ್ಲಿ ಸಿಗುವುದಿಲ್ಲ, ಹೇಳಿ. ಆದರೆ ಐವರೂ ಜಿಲ್ಲಾ ಕೇಂದ್ರದವರಾಗಬಾರದು. ಗುಮಾಸ್ತರಿಲ್ಲದ ಶಾಲೆಯವರು ಒಬ್ಬರು, ಪ್ರಭಾರದವರು ಒಬ್ಬರು, ಫೋನಿನಲ್ಲೇ ಎಲ್ಲ ಮಾಡುವವರು ಒಬ್ಬರು ಇರಲೇಬೇಕು.

ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಸಾರ್ವಜನಿಕ ರಜೆಗಳ ಪುಟವನ್ನು ಮಗಳು ತೋರಿಸಿದಳು. ಮುಂದಿನ ರಜೆ ಯಾವತ್ತು ಅನ್ನುವುದು ಮೇಲ್ಗಡೆಯೇ ದೊಡ್ಡದಾಗಿ ಇದೆ. ಉಳಿದ ರಜೆಗಳ ಪಟ್ಟಿ ಅದರ ಕೆಳಗೆ. ಒಂದು ಕಡೆ ಒತ್ತಿದರೆ ಎಲ್ಲ ರಜೆಗಳೂ ನಮ್ಮ ಫೋನಿನ ಕ್ಯಾಲೆಂಡರಿಗೆ ಬಂದು ಕೂರುತ್ತವೆ. ಚಿತ್ರವಿಲ್ಲ, ಓಡುವ ಅಕ್ಷರವಿಲ್ಲ. ನಮ್ಮಲ್ಲಿ ಹಳೇ ಸುತ್ತೋಲೆಯ ಪಕ್ಕವೂ ‘ನ್ಯೂ’ ಎಂದು ಮಿಣುಕುವ ಗುರುತು ಇನ್ನೂ ಮಿಣುಕುತ್ತಲೇ ಇರುತ್ತದೆ!

ನಮ್ಮ ಪುಟವೂ ಹಾಗೇ ಇರಲಿ. ಈ ವಾರ ಶಾಲೆಯವರು ಮಾಡಬೇಕಾದ್ದು ಮೇಲೆ. ಮಗುವಿನದು, ಶಾಲೆಯದು, ಕಚೇರಿಯದು ಎಂದು ದಿನಾಂಕಗಳು ಬೇರೆ ಬೇರೆ. ದಿನ ಮೀರಿದರೆ ಏನಾಗುತ್ತದೆ ಅನ್ನುವುದು ಪಕ್ಕದಲ್ಲೇ. ದಂಡ ಕಟ್ಟಿದರೆ ಮುಗಿಯುವ ಕೆಲಸವೂ, ಮಗುವಿನ ಒಂದು ವರ್ಷವೇ ಹೋಗುವ ಕೆಲಸವೂ ಒಂದೇ ಬಣ್ಣದಲ್ಲಿ ಕಾಣಬಾರದು, ಅಲ್ವಾ? ದಿನಾಂಕ ಮುಂದೂಡಿದರೆ ಹಳೆಯದನ್ನು ಹೊಡೆದುಹಾಕಿ ಅದೇ ಸಾಲಿನಲ್ಲಿ ಹೊಸದನ್ನು ಬರೆಯಲಿ. ಇನ್ನೊಂದು ಸುತ್ತೋಲೆಯನ್ನು ಎಲ್ಲೋ ಸೇರಿಸುವುದು ಬೇಡ. ಇಲಾಖೆಯ ಶಾಖೆಗಳ ಹೆಸರಿನಲ್ಲಿ ವಿಂಗಡಿಸಿದರೆ ಕಚೇರಿಯವರಿಗೆ ಅನುಕೂಲ, ಸರಿ. ಆದರೆ ನಾವು ಹುಡುಕುವುದು ತಿಂಗಳಿನ ಹೆಸರಿನಲ್ಲಿ.

ಒಂದು ಬೇಡಿಕೆ. ಅಭಿಪ್ರಾಯ ಕೇಳಲು ದಯವಿಟ್ಟು ಗೂಗಲ್ ಫಾರ್ಮ್ ಕಳಿಸಬೇಡಿ. ಮೇಲಿನವರು ಕೇಳಿದ್ದಾರೆಂದು ಎಲ್ಲರೂ ‘ಚೆನ್ನಾಗಿದೆ’ ಎಂದು ಒತ್ತುತ್ತೇವೆ. ಅದಕ್ಕೂ ಒಂದು ಕೊನೆ ದಿನ ಇರುತ್ತದೆ ಬೇರೆ.

ಅದರ ಬದಲು ಪುಟ ವಿನ್ಯಾಸ ಮಾಡುವವರು ಯಾರಾದರೂ ನಮ್ಮ ಶಾಲೆಗೇ ಬರಲಿ. ಬಿಸಿಯೂಟ ಮುಗಿದ ಮೇಲೆ ಬಂದರೆ ಒಳ್ಳೆಯದು. ಆ ಹೊತ್ತಿಗೆ ನೆಟ್‌ವರ್ಕ್ ಸ್ವಲ್ಪ ಸಿಗುತ್ತದೆ, ಆಫೀಸು ಕೋಣೆಯ ಕಿಟಕಿ ಪಕ್ಕ ಮಾತ್ರ. ಕ್ಯಾಲೆಂಡರ್ ಅಲ್ಲೇ ನೇತುಹಾಕಿದ್ದೇನೆ.

– ಒಬ್ಬ ಮುಖ್ಯ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ